ಒಂದೇ ರನ್ ಬಂದ ಬೇಸ್‌ಬಾಲ್ ಪಂದ್ಯವನ್ನು ಶ್ರೇಷ್ಠ ಎನ್ನುವುದೇಕೆ?

ಬೇಸ್‌ಬಾಲಿನ ಪಿಚರ್ ನಮ್ಮ ಬೌಲರ್ ಇದ್ದಂತೆ; ಅವರ ಕೈ ಮೇಲಾದ ದಿನ ಒಂದೊಂದು ರನ್ನಿಗೂ ಪರದಾಡಬೇಕಾಗುತ್ತದೆ. 1991ರ ಅಕ್ಟೋಬರ್ 27ರಂದು ಮಿನಿಯಾಪೊಲಿಸ್‌ನಲ್ಲಿ ನಡೆದ, ಅಮೆರಿಕದ ಬೇಸ್‌ಬಾಲ್ ಚಾಂಪಿಯನ್ನರನ್ನು ನಿರ್ಧರಿಸುವ ವರ್ಲ್ಡ್ ಸೀರೀಸ್‌ನ ಏಳನೆಯ, ನಿರ್ಣಾಯಕ ಪಂದ್ಯದಲ್ಲಿ ಮಿನ್ನೆಸೋಟ ಟ್ವಿನ್ಸ್ ತಂಡದ 36 ವರ್ಷದ ಜ್ಯಾಕ್ ಮಾರಿಸ್ ಹತ್ತೂ ಇನ್ನಿಂಗ್ಸ್‌ಗಳಲ್ಲಿ (ಎರಡೂ ತಂಡಗಳಿಗೆ ಒಂದೊಂದು ಸರದಿ ಸಿಗುವ ಸುತ್ತು; ಸಾಮಾನ್ಯವಾಗಿ ಒಂಬತ್ತು) ಒಬ್ಬರೇ 126 ಎಸೆತಗಳನ್ನು ಎಸೆದು, ಅಟ್ಲಾಂಟಾ ಬ್ರೇವ್ಸ್ ತಂಡಕ್ಕೆ ಒಂದು ರನ್ನನ್ನೂ ಬಿಟ್ಟುಕೊಡಲಿಲ್ಲ. ಎದುರಾಳಿ ಪಿಚರ್ ಜಾನ್ ಸ್ಮೋಲ್ಟ್ಸ್ ಕೂಡ ಎಂಟನೆಯ ಇನ್ನಿಂಗ್ಸ್‌ನಲ್ಲಿ ಮೈದಾನ ಬಿಡುವವರೆಗೆ ರನ್ ಕೊಟ್ಟಿರಲಿಲ್ಲ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ ಎಂಟನೆಯ ಇನ್ನಿಂಗ್ಸ್‌ನ ಒಂದು ಗಳಿಗೆ: ರನ್ ಗಳಿಸಲು ಓಡಿ ದಾಟಬೇಕಾದ ಮೂರೂ ಬೇಸ್‌ಗಳಲ್ಲಿ ಬ್ರೇವ್ಸ್ ಆಟಗಾರರು ನಿಂತಿದ್ದಾಗ ಸಿಡ್ ಬ್ರೀಮ್ ನೆಲಕ್ಕೆ ಹೊಡೆದ ಚೆಂಡು ಮೊದಲ ಬೇಸ್‌ನ ಆಟಗಾರನ ಕೈಸೇರಿ, ಅಲ್ಲಿಂದ ನಮ್ಮ ವಿಕೆಟ್ ಕೀಪರ್‌ನಂತೆ ಬ್ಯಾಟರ್ ಹಿಂದೆ ನಿಲ್ಲುವ ಕ್ಯಾಚರ್‌ಗೆ ಹೋಗಿ, ಮತ್ತೆ ಮೊದಲ ಬೇಸ್‌ಗೇ ಮರಳಿ, ಒಂದೇ ಹೊಡೆತಕ್ಕೆ ಇಬ್ಬರು ಔಟಾದರು. ಹತ್ತನೆಯದರಲ್ಲಿ ಟ್ವಿನ್ಸ್ ತಂಡದ ಜೀನ್ ಲಾರ್ಕಿನ್ ಹೊಡೆದಾಗ ಡ್ಯಾನ್ ಗ್ಲ್ಯಾಡನ್ ಮೂರನೆಯ ಬೇಸ್‌ನಿಂದ ಬಂದು ಆ ಏಕೈಕ ರನ್ ಗಳಿಸಿದರು.