ಡಾಕ್ಸಿ ನುಂಗಿದ ಮೇಲೆ ಎದೆಯುರಿ

ಡಾಕ್ಸಿ ನುಂಗಿದ ಮೇಲೆ ಎದೆ ಯಾಕೆ ಉರಿಯುತ್ತೆ ಅಂತ ಕೇಳಿದ್ದೀರಿ. ಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಸುಟ್ಟಿರಬೇಕು. ಕಾಂಡೋಮ್ ಹರಿದ ರಾತ್ರಿ ಲೈಂಗಿಕ ರೋಗ ಬರದಿರಲಿ ಅಂತ ಎರಡು ಡಾಕ್ಸಿಸೈಕ್ಲಿನ್ (ಡಾಕ್ಸಿ ಅನ್ನೋ ಆಂಟಿಬಯೋಟಿಕ್) 100 ಎಂಜಿ ಒಂದೇ ಗುಟುಕು ನೀರಲ್ಲಿ ನುಂಗಿ ಮಲಗಿದೆ ಅಂದಿರಲ್ಲ, ಅದೇ. ನನಗೂ ಆಗಿತ್ತು, ಎಂಜಲು ನುಂಗಿದರೂ ಚುರ್ ಅನ್ನುತ್ತಿತ್ತು. ಸ್ವಲ್ಪ ದಿನ ಖಾರ ಮಂಡಕ್ಕಿ, ಮಿರ್ಚಿ ಬಿಡಿ, ಮೆತ್ತಗಿನ ಅನ್ನ ಉಣ್ಣಿ. ನೀರೂ ಇಳಿಯದಿದ್ದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಈ ಸಲಕ್ಕೆ ಮತ್ತೆ ನುಂಗಬೇಡಿ. ಸೇರಿದ 72 ಗಂಟೆಯೊಳಗೆ ಒಮ್ಮೆ 200 ಎಂಜಿ, ಅಷ್ಟೇ ಡೋಸು.

ಅದಕ್ಕಿಂತ ಮುಖ್ಯ, ಡಾಕ್ಸಿ ಎಚ್‌ಐವಿ ತಡೆಯಲ್ಲ. ಇವತ್ತೇ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ 'ಪಿಇಪಿ ಬೇಕಾ' ಅಂತ ಕೇಳಿ, ಅಂದರೆ ಸೇರಿದ ಮೇಲೆ ಎಚ್‌ಐವಿ ತಡೆಯೋಕೆ ಕೊಡೋ ಔಷಧ. ಅದೂ 72 ಗಂಟೆಯೊಳಗೆ ಶುರುವಾಗಬೇಕು, 28 ದಿನದ ಮಾತ್ರೆ. ಮುಜುಗರ ಆದರೆ ಮೊದಲು ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ. ಸಿಫಿಲಿಸ್, ಕ್ಲಮೈಡಿಯಾ ಅನ್ನೋ ಲೈಂಗಿಕ ರೋಗ ತಡೆಯೋಕೆ ಡಾಕ್ಸಿ ಚೆನ್ನಾಗಿ ಕೆಲಸ ಮಾಡುತ್ತೆ, ಗೊನೊರಿಯಾಕ್ಕೆ ಭರವಸೆ ಕಮ್ಮಿ. ಅದೂ ಗಂಡಸರ ಜೊತೆ ಸೇರುವ ಗಂಡಸರು, ಟ್ರಾನ್ಸ್ ಮಹಿಳೆಯರಲ್ಲೇ ಜಾಸ್ತಿ ಸಾಬೀತಾಗಿರೋದು. ನಿಮ್ಮ ವಿಷಯದಲ್ಲಿ ಹೇಗೋ, ಡಾಕ್ಟರೇ ಹೇಳಬೇಕು. ಟೆಸ್ಟ್ ಯಾವಾಗ ಅಂತಾನೂ ಅಲ್ಲೇ ಕೇಳಿ.

ಇನ್ನೊಮ್ಮೆ ಬೇಕಾದರೆ ಊಟದ ಜೊತೆ, ತುಂಬಿದ ಲೋಟ ನೀರಲ್ಲಿ ನುಂಗಿ, ಅರ್ಧ ಗಂಟೆ ಮಲಗಬೇಡಿ. ಬೆಣ್ಣೆ ದೋಸೆ ಪರವಾಗಿಲ್ಲ, ಹಾಲು, ಆಂಟಾಸಿಡ್, ಕಬ್ಬಿಣದ ಮಾತ್ರೆ ಜೊತೆಗೆ ಬೇಡ.