ಕೈಕೆಳಗಿನವರ ಸೇವೆ ಮಾಡಿದರೆ ತಲೆ ಮೇಲೆ ಕೂರುವುದಿಲ್ಲವೇ?

ನೀವು ಹೊಸದಾಗಿ ಸೂಪರ್‌ವೈಸರ್ ಆಗಿದ್ದೀರಿ, ಟ್ರೇನಿಂಗ್‌ನಲ್ಲಿ 'ಸೇವಕ ನಾಯಕತ್ವ', ಅಂದರೆ ಮುಂದಾಳು ಮೊದಲು ಕೈಕೆಳಗಿನವರ ಸೇವೆ ಮಾಡಬೇಕು, ಅಂತ ಹೇಳಿಕೊಟ್ಟಿದ್ದಾರೆ, ಹಾಗೆ ನಡೆದರೆ ಹುಡುಗರು ತಲೆ ಮೇಲೆ ಕೂರುತ್ತಾರೇನೋ ಎಂಬ ಅಂಜಿಕೆ ನಿಮಗೆ. ಹುಬ್ಬಳ್ಳಿಯ ಗೋಕುಲ ರೋಡಿನ ಒಂದು ಮಷಿನ್ ಶಾಪ್‌ನಲ್ಲಿ ನಾನೂ ಅದೇ ಕೆಲಸದಲ್ಲಿದ್ದೇನೆ. ನೋಡ್ರಿ, ಬರ್ತ್‌ಡೇಗೆ ಕೇಕ್ ಕತ್ತರಿಸುವುದನ್ನೇ ಬಹಳ ಜನ ಸೇವೆ ಅಂದುಕೊಂಡಿದ್ದಾರೆ. ಕತ್ತರಿಸಲಿ, ಆದರೆ ಅದರಿಂದ ಯಾರ ನಿದ್ದೆಯೂ ಸರಿಹೋಗುವುದಿಲ್ಲ.

1970ರಲ್ಲಿ ಈ ಸೇವಕ ನಾಯಕತ್ವದ ವಿಚಾರ ಬರೆದ ರಾಬರ್ಟ್ ಗ್ರೀನ್‌ಲೀಫ್ ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿಯಲ್ಲಿ ದಶಕಗಟ್ಟಲೆ ದುಡಿದವರು. ಕೈಕೆಳಗಿನವರು ಮೊದಲಿಗಿಂತ ಆರೋಗ್ಯವಾಗಿ, ಸ್ವತಂತ್ರವಾಗಿ ಬೆಳೆಯುತ್ತಿದ್ದಾರೆಯೇ ಎಂಬುದೇ ಅವರು ಇಟ್ಟ ಒರೆಗಲ್ಲು. 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಸಮಾಜವಿಜ್ಞಾನಿ ಹೇಳಿದ್ದೂ ಅದಕ್ಕೆ ಹೊಂದುತ್ತದೆ: ಕೆಲಸದ ಭಾರ ಹೆಚ್ಚಿದ್ದು, ಅದರಲ್ಲಿ ತನ್ನ ಮಾತೇ ನಡೆಯದಿದ್ದಾಗ ಮನುಷ್ಯ ಹೆಚ್ಚು ಬಳಲುತ್ತಾನೆ.

ನಮ್ಮ ಹುಡುಗರು ಬರುವುದು ಕುಂದಗೋಳ, ಕಲಘಟಗಿ, ನವಲಗುಂದ ಕಡೆಯ ಹಳ್ಳಿಗಳಿಂದ. ಸೆಕೆಂಡ್ ಶಿಫ್ಟ್ ಬಿಡುವ ಹೊತ್ತಿಗೆ ಎಷ್ಟೋ ಊರಿಗೆ ಬಸ್ ಇರುವುದಿಲ್ಲ. ಬಿತ್ತಿಗೆಗೆ, ಸೀಗಿ ಹುಣ್ಣಿವಿಗೆ, ಎಳ್ಳ ಅಮಾಸಿಗೆ ಹೊಲದಲ್ಲಿ ಚರಗ (ಭೂತಾಯಿಗೆ ಎಡೆ) ಚೆಲ್ಲಲು ಎಲ್ಲರಿಗೂ ಒಮ್ಮೆಗೇ ಸೂಟಿ ಬೇಕು. ಮೊದಲು ಶಿಫ್ಟ್ ಹಾಳಿಯನ್ನು ಶನಿವಾರ ಸಂಜೆ ಗೋಡೆಗೆ ಅಂಟಿಸುತ್ತಿದ್ದರು; ಆಮೇಲೆ ಜಗಳ, ಸುಳ್ಳು ಜ್ವರ. ಈಗ ತಿಂಗಳಿಗೆ ಮುಂಚೆಯೇ ಖಾಲಿ ಹಾಳಿ ಅವರ ಕೈಗೆ ಕೊಡುತ್ತೇನೆ. ಎಷ್ಟು ಮಷಿನ್ ನಡೆಯಬೇಕು ಅಂತ ನಾನು ಹೇಳುತ್ತೇನೆ, ಯಾರು ಯಾವ ಶಿಫ್ಟ್ ಅಂತ ಅವರು ಬರೆಯುತ್ತಾರೆ. "ಸಾಹೇಬ್ರ, ಅವಂಗ ಹೊಲದ ಕೆಲಸ ಐತಿ, ಈ ವಾರ ನಾ ಬರ್ತೀನಿ" ಅಂತ ತಾವೇ ಹೊಂದಿಸಿಕೊಳ್ಳುತ್ತಾರೆ. ಜ್ವರವೂ ಕಡಿಮೆ ಆಯಿತು ಬಿಡ್ರಿ!

ಇನ್ನು ತಲೆ ಮೇಲೆ ಕೂರುವ ಮಾತು. ದಿನಾ ತಡವಾಗಿ ಬರುವವನನ್ನು ಸುಮ್ಮನೆ ಬಿಟ್ಟರೆ ಅವನ ಕೆಲಸ ಪಕ್ಕದವನ ಬೆನ್ನಿಗೆ ಬೀಳುತ್ತದೆ. ಆ ಪಕ್ಕದವನೂ ನಿಮ್ಮವನೇ ತಾನೆ? ತಡವಾಗಿ ಬಂದವನನ್ನು ಒಬ್ಬನನ್ನೇ ಕರೆದು ಕಾರಣ ಕೇಳಿ; ಆಮೇಲೂ ಅದೇ ಆದರೆ ಹಾಜರಿಯಲ್ಲಿ ಬರೆಯಿರಿ.

ಪಗಾರವೇ ತಡವಾಗುವ, ಓಟಿಗೆ (ಹೆಚ್ಚುವರಿ ಹೊತ್ತಿನ ದುಡಿಮೆಗೆ) ಕಾಯ್ದೆ ಹೇಳುವ ದುಪ್ಪಟ್ಟು ದರ ಕೊಡದ ಕಡೆ ಮಾತ್ರ ಸೂಪರ್‌ವೈಸರ್‌ನ ಒಳ್ಳೆಯತನ ಮಾಲೀಕರ ತಪ್ಪಿಗೆ ಪರದೆಯಾಗುತ್ತದೆ. ಅಂಥಲ್ಲಿ ಓಟಿ ಲೆಕ್ಕವನ್ನು ಬರವಣಿಗೆಯಲ್ಲೇ ಮೇಲಕ್ಕೆ ಕಳಿಸಿ, ಬೈಗುಳ ಬಂದರೆ ನೀವು ತಿನ್ನಿ. ನಿಮ್ಮಲ್ಲಿ ಅಷ್ಟು ಕೆಟ್ಟಿಲ್ಲದಿದ್ದರೆ ಶಿಫ್ಟ್ ಹಾಳಿಯಿಂದಲೇ ಶುರು ಮಾಡಬಹುದು. ಮೊದಲು ಮ್ಯಾನೇಜರ್ ಒಪ್ಪಿಗೆ ತಗೊಳ್ರಿ. ಹುಡುಗರು ಬರೆದ ಹಾಳಿಯನ್ನು ಮೇಲಿನವರು ಅಳಿಸುವಂತಾಗಬಾರದು.