ಬರ್ಗೆನ್‌ನಲ್ಲಿ ಸೈಕಲ್: ಹಳೇ ರಸ್ತೆ ಹುಡುಕು

"ಬೆಂಗಳೂರಲ್ಲಿ ವಾರ ತಪ್ಪದೆ ನಂದಿ ಬೆಟ್ಟ ಹತ್ತುತ್ತಿದ್ದೆ ಅಕ್ಕಾ. ರೋಡ್ ಬೈಕ್ ಬಿಚ್ಚಿ, ಡಬ್ಬದಲ್ಲಿ ಕಟ್ಟಿ ನಾರ್ವೆಯ ಬರ್ಗೆನ್‌ವರೆಗೂ ತಂದೆ. ಮೂರು ವಾರದಿಂದ ಬಾಲ್ಕನಿಯಲ್ಲಿ ನೆನೆಯುತ್ತಾ ನಿಂತಿದೆ. ಮ್ಯಾಪ್ ನೋಡಿದರೆ ಬರೀ ನೀರು, ಬೆಟ್ಟ, ಸುರಂಗ. ಇಲ್ಲಿ ಎಲ್ಲಿ ಓಡಿಸೋದು?" ಅಂತ ಕೇಳಿದ್ದೀಯ. ಅಕ್ಕ ಅಂದ ಮೇಲೆ ನೀನು ಅಂತಲೇ ಬರೆಯುತ್ತೇನೆ.

ಮೊದಲು ಮಳೆಯ ವಿಷಯ ಮುಗಿಸೋಣ. ಬರ್ಗೆನ್‌ಗೆ ವರ್ಷಕ್ಕೆ 2200 ಮಿಲಿಮೀಟರಿಗಿಂತ ಜಾಸ್ತಿ ಮಳೆ. ನಾನು ಸಾಗರದ ಕಡೆಯವಳು, ಈ ಲೆಕ್ಕ ಕೇಳಿದಾಗ ನಕ್ಕಿದ್ದೆ. ಆಗುಂಬೆಯಲ್ಲಿ ಇದರ ಮೂರು ಪಟ್ಟು ಬೀಳುತ್ತದೆ. ಆದರೆ ನಮ್ಮ ಮಳೆ ನಾಲ್ಕು ತಿಂಗಳು ಸುರಿದು ಹೋಗಿಬಿಡುತ್ತದೆ. ಇಲ್ಲಿಯದು ಹನ್ನೆರಡು ತಿಂಗಳೂ ಜಿಟಿಜಿಟಿ. ನಿಂತ ಮೇಲೆ ಹೊರಡೋಣ ಅಂತ ಮೊದಲ ವರ್ಷ ನಾನೂ ಕಿಟಕಿ ಪಕ್ಕ ಕೂತಿದ್ದೆ. ಸುಮ್ನೆ ಒಂದು ಬೇಸಿಗೆ ಹಾಳಾಯಿತು. ನೀನು ಬಂದಿರುವುದು ಏಪ್ರಿಲ್‌ನಲ್ಲಿ, ಅದೃಷ್ಟವಂತ. ಏಪ್ರಿಲ್‌ನಿಂದ ಜೂನ್ ಇಲ್ಲಿ ಮಳೆ ಕಡಿಮೆ ಇರುವ ಕಾಲ. ಜೂನ್‌ನಲ್ಲಿ ಹಗಲು ಹತ್ತೊಂಬತ್ತು ತಾಸು. ಆಫೀಸು ಮುಗಿಸಿ, ಊಟ ಮಾಡಿ, ಆಮೇಲೆ 60 ಕಿಲೋಮೀಟರ್ ಹೊಡೆದು ಬಂದರೂ ಬೆಳಕಿರುತ್ತದೆ.

ಈಗ ಸುರಂಗದ ಮಾತು. ಇದೇ ಮುಖ್ಯ, ಸ್ವಲ್ಪ ಉದ್ದವಾಗುತ್ತದೆ.

ನಾರ್ವೆಯಲ್ಲಿ ರಸ್ತೆ ಸುರಂಗಗಳು ಸಾವಿರಕ್ಕೂ ಜಾಸ್ತಿ. ಉದ್ದದವು, ಸಮುದ್ರದ ಅಡಿಯವು, ಇವುಗಳಲ್ಲಿ ಹೆಚ್ಚಿನವಕ್ಕೆ ಸೈಕಲ್ ಬಿಡುವುದಿಲ್ಲ. ಫೋನಿನ ಮ್ಯಾಪ್‌ಗೆ ಇದು ಯಾವಾಗಲೂ ಗೊತ್ತಿರುವುದಿಲ್ಲ. ನನ್ನ ಎರಡನೇ ಬೇಸಿಗೆಯಲ್ಲಿ ಹಾರ್ಡಾಂಗರ್ ಕಡೆ ಮ್ಯಾಪ್ ತೋರಿಸಿದಂತೆ ಹೋದೆ. ಮಧ್ಯಾಹ್ನ ಒಂದು ಸುರಂಗದ ಬಾಯಿಗೆ ಬಂದು ನಿಂತರೆ, ಕೆಂಪು ವೃತ್ತದೊಳಗೆ ಸೈಕಲ್ ಚಿತ್ರದ ಫಲಕ. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೀರು. ಬಂದ ದಾರಿಯಲ್ಲೇ 30 ಕಿಲೋಮೀಟರ್ ವಾಪಸ್, ಎದುರು ಗಾಳಿ, ಜೇಬಿನಲ್ಲಿ ಅರ್ಧ ಬಾಳೆಹಣ್ಣು. ಅವತ್ತಿನಿಂದ ಹೊರಡುವ ಮುಂಚೆ ದಾರಿಯ ಒಂದೊಂದು ಸುರಂಗವನ್ನೂ ನೋಡಿಕೊಳ್ಳುತ್ತೇನೆ. ರಸ್ತೆ ಇಲಾಖೆ, ಅಂದರೆ ಸ್ಟಾಟೆನ್ಸ್ ವೇಗ್‌ವೆಸೆನ್, ಅವರ ಸಹಾಯವಾಣಿ 175. ರಸ್ತೆ ಮುಚ್ಚಿದೆಯಾ, ಗುಡ್ಡ ಕುಸಿದಿದೆಯಾ, ಎಲ್ಲ ಹೇಳುತ್ತಾರೆ.

ಹಾಗಂತ ಸುರಂಗವನ್ನು ಬೈಯಬೇಡ. ನಮಗೆ ರಸ್ತೆ ಬಿಟ್ಟುಕೊಟ್ಟಿದ್ದೇ ಅದು. ಬೆಟ್ಟ ಕೊರೆದು ಕಾರುಗಳನ್ನು ಒಳಗೆ ಕಳಿಸಿದ ಮೇಲೆ, ಫ್ಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರ) ಅಂಚಿನಲ್ಲೋ ಕಣಿವೆಯ ಇಳಿಜಾರಿನಲ್ಲೋ ಇದ್ದ ಹಳೇ ಡಾಂಬರು ರಸ್ತೆ ಖಾಲಿ ಉಳಿಯಿತು. ಇಲ್ಲಿನವರು ಅದನ್ನು ಗಾಮ್ಲೆವೇಗೆನ್, ಅಂದರೆ ಹಳೇ ರಸ್ತೆ, ಅನ್ನುತ್ತಾರೆ. ಮ್ಯಾಪ್‌ನಲ್ಲಿ ದಪ್ಪ ಗೆರೆ ಬೆಟ್ಟದೊಳಗೆ ಮಾಯವಾದ ಕಡೆ, ಪಕ್ಕದಲ್ಲಿ ತೆಳು ಗೆರೆಯೊಂದು ಸುತ್ತಿಕೊಂಡು ಹೋಗುತ್ತಾ ಅಂತ ನೋಡು. ಸಾಮಾನ್ಯವಾಗಿ ಅದೇ ನಿನ್ನ ದಾರಿ.

ಇದಕ್ಕೆ ದೊಡ್ಡ ಉದಾಹರಣೆ ಔರ್ಲಾಂಡ್ ಮತ್ತು ಲಾರ್ದಾಲ್ ನಡುವೆ ಇದೆ. ಕಾರುಗಳಿಗೆ 24.5 ಕಿಲೋಮೀಟರ್ ಸುರಂಗ, 2000ರಲ್ಲಿ ತೆರೆದದ್ದು. ಅದರ ಮೇಲೆ ಬೆಟ್ಟ ದಾಟುವ ಹಳೇ ದಾರಿ 47 ಕಿಲೋಮೀಟರ್. ಸಮುದ್ರ ಮಟ್ಟದಿಂದ 1306 ಮೀಟರ್‌ವರೆಗೆ ಹತ್ತಬೇಕು. ನಂದಿಯ ತುದಿ 1478 ಮೀಟರ್, ಇದಕ್ಕಿಂತ ಎತ್ತರವೇ. ಆದರೆ ಬೆಂಗಳೂರೇ 900 ಮೀಟರ್ ಮೇಲಿದೆ ಅಲ್ವಾ? ಇಲ್ಲಿ ಸೊನ್ನೆಯಿಂದ ಶುರು. ಜೂನ್‌ನಲ್ಲೂ ರಸ್ತೆಯ ಎರಡೂ ಬದಿ ಹಿಮದ ಗೋಡೆ ಇರಬಹುದು, ಅದಕ್ಕೇ ಸ್ನೋ ರೋಡ್ ಅನ್ನುತ್ತಾರೆ. ಮೊದಲ ವರ್ಷವೇ ಅಲ್ಲಿಗೆ ಓಡಬೇಡ.

ಮೊದಲ ಸವಾರಿಗೆ ಫಾನಾಫ್ಯೆಲ್ ಬೆಟ್ಟ ಸಾಕು. ಊರಿನಿಂದ ನೆಸ್ತುನ್, ಅಲ್ಲಿಂದ ಫಾನಾ, ಆಮೇಲೆ ಹತ್ತು. ಎತ್ತರ ಜಾಸ್ತಿ ಇಲ್ಲ, ಆದರೆ ಕಾಲಿಗೆ ಕೆಲಸ ಕೊಡುತ್ತದೆ. ಆ ಕಡೆ ಇಳಿದರೆ ಲೀಸೆಕ್ಲೋಸ್ಟರ್. 1146ರಲ್ಲಿ ಕಟ್ಟಿದ ಮಠದ ಪಾಳು ಗೋಡೆಗಳು ಹುಲ್ಲಿನ ನಡುವೆ ನಿಂತಿವೆ. ಕೂತು ತಿನ್ನಲು ಒಳ್ಳೆಯ ಜಾಗ. ಅಲ್ಲಿಂದ ಓಸ್ ಊರಿಗೆ ಹೋಗಿ, ಹಳೇ ಹೆದ್ದಾರಿಯಲ್ಲಿ ವಾಪಸ್. ಈ ಹೆದ್ದಾರಿಯಲ್ಲಿ ಮೊದಲು ಲಾರಿಗಳ ಕಾಟ ಹೇಳತೀರದು. 2022ರಲ್ಲಿ ಸುರಂಗಗಳ ಹೊಸ ರಸ್ತೆ ತೆರೆಯಿತು, ಹಳೆಯದು ತಣ್ಣಗಾಯಿತು. ಒಟ್ಟು 60 ದಾಟುತ್ತದೆ.

ಇಳಿಯುವಾಗ ಎರಡು ಎಚ್ಚರ. ಒದ್ದೆ ರಸ್ತೆಯಲ್ಲಿ ರಿಮ್ ಬ್ರೇಕ್, ಅಂದರೆ ಚಕ್ರದ ಅಂಚನ್ನು ಒತ್ತುವ ಬ್ರೇಕ್, ಹಿಡಿದ ಕ್ಷಣಕ್ಕೆ ಕೆಲಸ ಮಾಡುವುದಿಲ್ಲ, ತಿರುವಿಗೆ ಬಹಳ ಮೊದಲೇ ಒತ್ತಲು ಶುರು ಮಾಡು. ಇನ್ನೊಂದು, ಕುರಿ ಮೇಯುವ ಕಡೆ ರಸ್ತೆಗೆ ಅಡ್ಡ ಕಬ್ಬಿಣದ ಸಲಾಕೆಗಳನ್ನು ಹಾಸಿರುತ್ತಾರೆ, ದನಕುರಿ ದಾಟದಿರಲಿ ಅಂತ. ಮಳೆಯಲ್ಲಿ ಅದು ಬೆಣ್ಣೆ. ಹ್ಯಾಂಡಲ್ ನೇರ ಇಟ್ಟು, ಬ್ರೇಕ್ ಮುಟ್ಟದೆ ದಾಟು. ನನ್ನ ಎಡ ಮೊಣಕೈಯಲ್ಲಿ ಇದರ ಗುರುತು ಇನ್ನೂ ಇದೆ.

ನನಗೆ ಒಂದೇ ಒಂದು ದಾರಿ ಆರಿಸು ಅಂದರೆ, ಹಾರ್ಡಾಂಗರ್‌ನ ಉತ್ನೆಯಿಂದ ಓಡಾವರೆಗಿನದು. ಬರ್ಗೆನ್‌ನಿಂದ ವೋಸ್‌ವರೆಗೆ ರೈಲು, ಯಾಕಂದರೆ ನಡುವಿನ ಹೆದ್ದಾರಿ ಸೈಕಲ್‌ಗೆ ಹೇಳಿದ್ದಲ್ಲ. ಸೈಕಲ್‌ಗೆ ಬೇರೆ ಟಿಕೆಟ್ ತಗೊಳ್ಳಬೇಕಾ ಅಂತ ಬುಕ್ ಮಾಡುವಾಗಲೇ ನೋಡಿಕೋ. ವೋಸ್‌ನಿಂದ ಗ್ರಾನ್‌ವಿನ್ ಕಡೆ ಇಳಿಯುವಾಗ ಕಾರುಗಳು ಸುರಂಗಕ್ಕೆ ಹೋಗುತ್ತವೆ, ನೀನು ಹಳೇ ರಸ್ತೆ ಹಿಡಿ. ಅದು ಷೆರ್ವ್ಸ್‌ಫೋಸೆನ್ ಜಲಪಾತದ ಪಕ್ಕದಲ್ಲೇ ತಿರುವು ತಿರುವಾಗಿ ಇಳಿಯುತ್ತದೆ. ನೀರಿನ ತುಂತುರು ಮುಖಕ್ಕೇ ಹೊಡೆಯುತ್ತದೆ. ಮುಂದೆ ಕ್ವಾನ್‌ದಾಲ್‌ನಲ್ಲಿ ಫೆರಿ ಹತ್ತಿದರೆ ಸುಮಾರು ಇಪ್ಪತ್ತು ನಿಮಿಷಕ್ಕೆ ಉತ್ನೆ.

ಫೆರಿ ಅಂದರೆ ನನಗೆ ಸಿಗಂದೂರಿನ ಲಾಂಚೇ. ಬಸ್ಸು, ಜೀಪು, ಬೈಕು, ಜನ, ಎಲ್ಲ ಒಂದೇ ಹಲಗೆ ಮೇಲೆ. ಶರಾವತಿ ಹಿನ್ನೀರಿಗೆ 2025ರಲ್ಲಿ ಸೇತುವೆ ಬಂತು, ಆ ಕಡೆಯವರಿಗೆ ಬಹಳ ಅನುಕೂಲವಾಯಿತು. ಆದರೂ ಸುದ್ದಿ ಓದಿದಾಗ ಒಂಥರಾ ಆಯಿತು. ಇಲ್ಲೂ ಅದೇ ಕತೆ. ಉತ್ನೆಯ ಆಚೆಗೆ 2013ರಲ್ಲಿ ಹಾರ್ಡಾಂಗರ್ ಸೇತುವೆ ತೆರೆದು ಅಲ್ಲಿನ ಫೆರಿ ನಿಂತಿತು. ಅದರ ನಡುವಿನ ಹರವೇ 1310 ಮೀಟರ್. ಪಕ್ಕದಲ್ಲಿ ಸೈಕಲ್‌ಗೆ, ನಡೆಯುವವರಿಗೆ ಬೇರೆ ದಾರಿ ಇದೆ. ನಡುವೆ ನಿಂತು ಕೆಳಗೆ ನೋಡಿದರೆ ಹೊಟ್ಟೆ ಜುಂ ಅನ್ನುತ್ತದೆ.

ಉತ್ನೆಯಿಂದ ಓಡಾ 45 ಕಿಲೋಮೀಟರ್ ಆಸುಪಾಸು, ಸೋರ್‌ಫ್ಯೋರ್ಡ್‌ನ ಪಶ್ಚಿಮ ದಡದಲ್ಲಿ. ದೊಡ್ಡ ವಾಹನಗಳು ಎದುರು ದಡದಲ್ಲಿ ಹೋಗುತ್ತವೆ. ಈ ಕಡೆಯದು ಕಿರಿದು ರಸ್ತೆ, ಕೆಲವು ಕಡೆ ಒಂದು ಕಾರಿಗಷ್ಟೇ ಜಾಗ. ಬಲಗಡೆ ಬೆಟ್ಟ, ಎಡಗಡೆ ನೀರು, ನಡುವೆ ಸೇಬಿನ ತೋಟ. ಮೇ ತಿಂಗಳ ಕೊನೆಯ ಹೊತ್ತಿಗೆ ಗಿಡಗಳೆಲ್ಲ ಹೂ. ಎದುರಿನ ಬೆಟ್ಟದ ತಲೆಯಲ್ಲಿ ಮಾತ್ರ ಆಗಲೂ ಹಿಮ. ದಾರಿಯಲ್ಲಿ ಆಗಾ ಎಂಬ ಕಡೆ ಮರದ ಹಳೇ ಮನೆಗಳ ಗುಂಪೊಂದಿದೆ, ಅದರಲ್ಲಿ ಒಂದು ಹದಿಮೂರನೇ ಶತಮಾನದ್ದು. ಜುಲೈ ಕೊನೆಗೆ ಬಂದರೆ ಚೆರ್ರಿ, ಸೆಪ್ಟೆಂಬರ್‌ಗೆ ಸೇಬು. ರಸ್ತೆ ಬದಿ ಗೂಡಂಗಡಿಯಷ್ಟು ಚಿಕ್ಕ ಕಪಾಟಿನಲ್ಲಿ ಹಣ್ಣಿನ ಬುಟ್ಟಿ ಇಟ್ಟಿರುತ್ತಾರೆ. ಮಾರುವವರು ಯಾರೂ ಇರುವುದಿಲ್ಲ. ಚೀಟಿಯಲ್ಲಿರುವ ನಂಬರಿಗೆ ವಿಪ್ಸ್ ಎಂಬ ಫೋನ್ ಆ್ಯಪ್‌ನಲ್ಲಿ ದುಡ್ಡು ಹಾಕಿ, ಬುಟ್ಟಿ ಎತ್ತಿಕೊಂಡು ಹೋಗುವುದು. ಮೊದಲ ಸಲ ನಾನು ಸುತ್ತಮುತ್ತ ನೋಡಿ ಎರಡು ಸಲ ಕೂಗಿದ್ದೆ. ಓಡಾದಿಂದ ಮುಂದುವರಿಸಿ ಎದುರು ದಡದಲ್ಲಿ ಬರಬೇಡ, ಅಲ್ಲಿ ಟ್ರಾಫಿಕ್ಕು. ಒಂದು ರಾತ್ರಿ ತಂಗಿ ಅದೇ ದಾರಿಯಲ್ಲಿ ವಾಪಸ್ ಬಾ. ಬರುವಾಗ ಬೇರೆಯೇ ರಸ್ತೆ ಅನ್ನಿಸುತ್ತದೆ.

ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಊಟ ಕಟ್ಟಿಕೊಂಡೇ ಹೊರಡು. ನನ್ನದು ತುಪ್ಪ ಬೆಲ್ಲ ಸವರಿದ ಚಪಾತಿ ಸುರುಳಿ, ಯಾವ ಎನರ್ಜಿ ಬಾರ್‌ಗೂ ಕಡಿಮೆ ಇಲ್ಲ.

ಚಳಿಗಾಲದ ಬಗ್ಗೆ ಹೆಂಡತಿ ಹೆದರುತ್ತಿದ್ದಾಳೆ ಅಂದಿದ್ದೀಯ. ಹಿಮಕ್ಕಿಂತ ಇಲ್ಲಿ ಮಂಜುಗಡ್ಡೆಯ ಭಯ. ರಾತ್ರಿ ಹೆಪ್ಪುಗಟ್ಟಿ, ಬೆಳಿಗ್ಗೆ ಕರಗಿ, ಮತ್ತೆ ಹೆಪ್ಪುಗಟ್ಟಿ ರಸ್ತೆ ಕನ್ನಡಿಯಾಗುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ. ಅಂಗಡಿಯಲ್ಲಿ ಪಿಗ್‌ಡೆಕ್ ಕೇಳು, ಮೊಳೆ ಇರುವ ಟೈರು. ಡಿಸೆಂಬರ್‌ನಲ್ಲಿ ಹಗಲು ಆರು ತಾಸೂ ಇಲ್ಲ. ಕತ್ತಲಲ್ಲಿ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕಾನೂನು. ಬೆಲ್ಲೂ ಕಡ್ಡಾಯ. ಹೆಲ್ಮೆಟ್ ಕಡ್ಡಾಯ ಅಲ್ಲ, ಆದರೂ ಹಾಕಿಕೋ, ನನ್ನ ಮೊಣಕೈ ಕತೆ ಕೇಳಿದೆಯಲ್ಲ. ತೀರಾ ಕೆಟ್ಟ ದಿನ ಫಿಲಿಂಗ್ಸ್‌ದಾಲ್ ಸುರಂಗಕ್ಕೆ ಹೋಗು. 2023ರಲ್ಲಿ ತೆರೆದದ್ದು, ಸುಮಾರು 3 ಕಿಲೋಮೀಟರ್. ಸೈಕಲ್‌ಗೆ ಮತ್ತು ನಡೆಯುವವರಿಗೆ ಅಂತಲೇ ಕೊರೆದ ಸುರಂಗ, ಕಾರಿಗೆ ಪ್ರವೇಶವಿಲ್ಲ. ಮೊದಲ ಸಲ ಒಳಗೆ ಹೋದಾಗ ಆ ಕೆಂಪು ಫಲಕ ನೆನಪಾಗಿ ನನಗೆ ನಗು ತಡೆಯಲಿಲ್ಲ.

ಬರುವ ಶನಿವಾರ ಬೆಳಿಗ್ಗೆ ನಾನು ಫಾನಾಫ್ಯೆಲ್‌ಗೆ ಹೋಗುತ್ತಿದ್ದೇನೆ, ಬಾ. ಸೈಕಲ್‌ನ ಚೈನಿಗೆ ಎಣ್ಣೆ ಬಿಡು, ಮೂರು ವಾರ ನೆಂದಿದೆ. ಮಡ್‌ಗಾರ್ಡ್ ಹಾಕಿಸಿದ್ದರೆ ಮುಂದೆ ಹೋಗು. ಇಲ್ಲದಿದ್ದರೆ ಓಸ್‌ವರೆಗೂ ನೀನು ನನ್ನ ಹಿಂದೆ.